ಬೋರಲು ಮಲಗುವ ಸಾಬವ್ವ

ಪುಣೆಯ ವಾಕಡದ ಜೋಳದ ರೊಟ್ಟಿ ಕೇಂದ್ರದಲ್ಲಿ ಸಾಬವ್ವನ ಕೈಸಪ್ಪಳವೇ ಬೇರೆ. ಉಳಿದ ಹೆಂಗಸರು ಒಂದು ರೊಟ್ಟಿ ತಟ್ಟುವಷ್ಟರಲ್ಲಿ ಅವಳವು ಎರಡು ಹಂಚಿಗೆ ಬಿದ್ದಿರುತ್ತವೆ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಮೊದಲು ಗಂಡನ ಜೊತೆ ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತಳು, ಆಮೇಲೆ ಈ ಕೆಲಸ ಹಿಡಿದಳು. ಅಂಥವಳ ಬಲಗೈ ಬೆರಳುಗಳು ಈ ಬೇಸಿಗೆಯಲ್ಲಿ ಜೋಮು ಹಿಡಿಯತೊಡಗಿದವು. ಕುತ್ತಿಗೆಯಂತೂ ಬೆಳಿಗ್ಗೆ ಎದ್ದರೆ ತಿರುಗುವುದೇ ಇಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡಬೇಕು. ಹಿಟ್ಟಿನ ಹದ ಬೆರಳಿಗೆ ತಿಳಿಯದಾದರೆ ರೊಟ್ಟಿ ಕೆಲಸ ಮುಗಿದಂತೆಯೇ. ಆಮೇಲೆ ಊರಿಗೆ ಹೋಗಿ ಅತ್ತೆಯ ಜೊತೆ ಇರಬೇಕು. ಗಂಡ ಇಲ್ಲಿ, ತಾನು ಅಲ್ಲಿ. ಅದೊಂದು ಅವಳಿಗೆ ಬೇಡವಾಗಿತ್ತು.

ಹಾಗೆ ನೋಡಿದರೆ ಇಲ್ಲಿದ್ದೂ ಇಬ್ಬರೂ ಜೊತೆಗಿದ್ದದ್ದು ಅಷ್ಟಕ್ಕಷ್ಟೇ. ಗಂಡ ಧರ್ಮರಾಜ ವಿಮಾನ ನಗರದ ಆಫೀಸೊಂದರಲ್ಲಿ ರಾತ್ರಿ ಕಾವಲುಗಾರ. ಬೆಳಿಗ್ಗೆ ಅವನು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಇವಳು ಕೆಲಸಕ್ಕೆ ಹೋಗಿರುತ್ತಾಳೆ; ಸಂಜೆ ಇವಳು ಬಂದಾಗ ಅವನು ಹೊರಟಿರುತ್ತಾನೆ. ತಿಂಗಳಿಗೆ ಎರಡು ರಜೆ. ಆ ರಾತ್ರಿಯೂ ಪುಣ್ಯಾತ್ಮನಿಗೆ ನಿದ್ದೆ ಬರುವುದಿಲ್ಲ, ಸ್ವಂತ ಮನೆಗೇ ಕಾವಲಿದ್ದವನಂತೆ ಬಾಗಿಲಲ್ಲಿ ಕೂತಿರುತ್ತಾನೆ. ಒಂದೇ ಖೋಲಿಯ ಮನೆ, ಒಂದೇ ಹಾಸಿಗೆ, ಹಳೆಯ ಸೀರೆ ತುಂಬಿ ಹೊಲಿದ ಒಂದೇ ದಿಂಬು. ಹಗಲು ಅವನಿಗೆ, ರಾತ್ರಿ ಇವಳಿಗೆ.

ಕುತ್ತಿಗೆ ತೋರಿಸಲು ಹೋದ ದವಾಖಾನೆಯಲ್ಲಿ ವ್ಯಾಯಾಮ ಹೇಳಿಕೊಡುವ ಶಾಲಿನಿ ಮೈಸೂರು ಕಡೆಯ ಹುಡುಗಿ. ಕನ್ನಡ ಕಿವಿಗೆ ಬಿದ್ದದ್ದೇ ಸಾಬವ್ವನ ಅರ್ಧ ನೋವು ಇಳಿಯಿತು.

"ಮನೇಲಿ ಹೇಗೆ ಮಲಗ್ತೀರಾ? ಇಲ್ಲೇ ಮಲಗಿ ತೋರಿಸಿ."

ಸಾಬವ್ವ ಬೋರಲು ಬಿದ್ದು, ದಿಂಬನ್ನು ತಬ್ಬಿ, ಮುಖವನ್ನು ಅದಕ್ಕೆ ಒತ್ತಿ ಎಡಕ್ಕೆ ಹೊರಳಿಸಿದಳು.

"ಅಯ್ಯೋ, ರಾತ್ರಿಯಿಡೀ ಕತ್ತು ಹೀಗೆ ಒಂದೇ ಕಡೆ ತಿರುಚಿದ್ರೆ ನರ ಒತ್ತದೇ ಇರುತ್ತಾ? ಅಂಗಾತ ಮಲಗಿ, ಇಲ್ಲಾ ಒಂದು ಮಗ್ಗುಲಿಗೆ ಮಲಗಿ. ಕಿವಿಗೂ ಭುಜಕ್ಕೂ ನಡುವಿನ ಜಾಗ ತುಂಬೋಷ್ಟು ದಿಂಬಿದ್ರೆ ಸಾಕು. ಹಳೇ ದಿಂಬನ್ನ ಮೊಣಕಾಲ ಮಧ್ಯೆ ಇಟ್ಕೊಳ್ಳಿ, ಬೆನ್ನಿಗೂ ಆರಾಮ. ಅದ್ಸರಿ, ಬೋರಲು ಯಾಕೆ ಮಲಗ್ತೀರಾ?"

"ರೂಢಿ ಆಗ್ಯದರಿ ಅಕ್ಕಾರ," ಎಂದಳು ಸಾಬವ್ವ.

ಶುದ್ಧ ಸುಳ್ಳು. ಆ ದಿಂಬಿನಲ್ಲಿ ಗಂಡನ ತಲೆಯೆಣ್ಣೆಯ ವಾಸನೆ ಇತ್ತು. ಸಂಜೆ ಬಂದಾಗ ಅವನ ತಲೆಯ ತಗ್ಗು ಇನ್ನೂ ಹಾಗೆಯೇ ಇರುತ್ತಿತ್ತು. ಮನೆಯ ಬಟ್ಟೆಯನ್ನೆಲ್ಲ ತಿಕ್ಕಿ ತಿಕ್ಕಿ ಒಗೆಯುವವಳು ದಿಂಬಿನ ಚೀಲವನ್ನು ಮಾತ್ರ ನಾಳೆ, ನಾಡಿದ್ದು ಎಂದು ದೂಡುತ್ತಿದ್ದಳು. ಮೂವತ್ತೆಂಟು ದಾಟಿದ ಹೆಂಗಸು ಇದನ್ನೆಲ್ಲ ಆ ಹುಡುಗಿಯ ಮುಂದೆ ಯಾವ ಬಾಯಿಂದ ಹೇಳಬೇಕು?

ತೆಳ್ಳನೆಯ ಹೊಸ ದಿಂಬು ಬಂತು. ಆದರೆ ಗಂಡ ತಲೆ ಇಡುವ ದಿಂಬನ್ನು ಕಾಲ ನಡುವೆ ಇಟ್ಟುಕೊಳ್ಳುವುದುಂಟೇ! ತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ಅವಳು. ಕಣ್ಣೆದುರಿಗಿದ್ದರೆ ಮತ್ತೆ ತಬ್ಬಿ ಬೋರಲಾಗುತ್ತೇನೆಂದು ಅದನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಮೊಣಕಾಲ ನಡುವೆ ಹೊದೆಯುವ ಕೌದಿ ಮಡಚಿಟ್ಟುಕೊಂಡಳು. ವಾರದಲ್ಲಿ ಬೆರಳಿಗೆ ಜೀವ ಬಂತು, ಕುತ್ತಿಗೆಯೂ ಸಡಿಲಾಯಿತು. ನಿದ್ದೆ ಮಾತ್ರ ಹೋಯಿತು. ಒಂದೇ ಊರಿನಲ್ಲಿರುವ ಗಂಡನನ್ನು ನೆನೆದು ಅವಳಿಗೆ ಅಳು ಬರುತ್ತಿತ್ತು.

ಎಂಟನೆಯ ದಿನ ಮಧ್ಯಾಹ್ನ, ಅವನು ಗಾಢ ನಿದ್ದೆಯಲ್ಲಿರಬೇಕಾದ ಹೊತ್ತಿಗೆ, ಅವನದೇ ಫೋನು ಬಂತು.

"ಆ ದಿಂಬ ಎಲ್ಲಿ ಇಟ್ಟೀ?"

"ಟ್ರಂಕಿನಾಗ ಅದರಿ. ಯಾಕ, ಹೊಸಾದು ಚಲೋ ಇಲ್ಲೇನ್ರಿ?"

"ಚಲೋ ಅದ. ವಾರ ಆತು, ನಿದ್ದಿನೇ ಬರವಲ್ದು. ಅದರಾಗ ನಿನ್ನ ವಾಸನಿ ಇಲ್ಲ."

ಸಾಬವ್ವ ಪಕ್ಕದವರಿಗೆ ಕೇಳದಂತೆ ದನಿ ತಗ್ಗಿಸಿದಳು. "ನೀವೂ ಬೋರಲ ಮಲಗ್ತೀರೇನ್ರಿ?"

"ಮತ್ತ?"

"ಕುತಗಿ ನೋಯಂಗಿಲ್ಲೇನು?"

"ಎರಡ ವರ್ಷ ಆತು. ಹೇಳಿದ್ರ ನಿನಗ್ಯಾಕ ಚಿಂತಿ ಅಂತ ಸುಮ್ಮಿದ್ದೆ."

ಕೇಂದ್ರದ ಒಡತಿ ರುಕ್ಮಿಣಮ್ಮನಿಗೆ, "ಮನ್ಯಾಗಿನವರಿಗೆ ಆರಾಮಿಲ್ಲರಿ" ಎಂದವಳೇ ಹಿಟ್ಟಿನ ಕೈಯಲ್ಲೇ ಓಡಿದಳು. ಖೋಲಿಯಲ್ಲಿ ಧರ್ಮರಾಜ ಬೋರಲು ಬಿದ್ದುಕೊಂಡು ಕಣ್ಣು ಬಿಟ್ಟೇ ಇದ್ದ.

"ಹಂಗ ಬ್ಯಾಡ್ರಿ. ಮಗ್ಗಲಾಗ್ರಿ."

ಅವನು ಮಗ್ಗುಲಾದ. ಅವನ ಮೊಣಕಾಲ ನಡುವೆ ಕೌದಿ ಇಟ್ಟು, ಅವಳು ಎದುರಿಗೆ ಮಲಗಿ ಅವನ ಕುತ್ತಿಗೆಯ ಮೇಲೆ ಕೈಯಿಟ್ಟಳು. ಏನೋ ಹೇಳಲು ಹೋದವನು ಮಾತಿನ ನಡುವೆಯೇ ನಿದ್ದೆಹೋದ. ನಿದ್ದೆಯಲ್ಲಿ ಅವನ ಮುಖ ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಐದು ಗಂಟೆಗೆ ಅವನನ್ನು ಎಬ್ಬಿಸಿ ಕಳಿಸಬೇಕು. ಅಲ್ಲಿಯವರೆಗೆ ಸಾಬವ್ವ ಕಣ್ಣು ಮುಚ್ಚಲಿಲ್ಲ.