ಮಿರಜದ ತಂಬೂರಿಗೆ ನನ್ನ ಲೆಕ್ಕದ ಬಳ್ಳಿ

ಬೆಳಗಾವಿಯಿಂದ ಬೆಳಗಿನ ರೈಲು ಹಿಡಿದು ಅಕ್ಕನೂ ನಾನೂ ಮಿರಜದಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ರಿಪೇರಿಗೆ ಕೊಟ್ಟಿದ್ದ ಅವಳ ತಂಬೂರಿಯನ್ನು ತರಬೇಕಿತ್ತು. ಅಕ್ಕನಿಗೆ ಈಚೆಗೆ ಕಣ್ಣು ಮಂಜಾಗಿದೆ, ಎದುರಿಗಿದ್ದವರ ಆಕಾರವಷ್ಟೇ ಕಾಣುತ್ತದೆ. ಅವಳ ಪಾಲಿಗೆ ಉಳಿದಿರುವುದು ಹಾಡುವುದೊಂದೇ. ಅದಕ್ಕೇ ಆ ತಂಬೂರಿಯನ್ನು ಹೊಸದರ ಹಾಗೆ ಮಾಡಿಸಿಕೊಡಬೇಕೆಂದು ನಾನು ಹಟ ಹಿಡಿದಿದ್ದೆ.

ನನ್ನ ಕಸುಬು ಸೀರೆಯ ಅಂಚುಗಳ ವಿನ್ಯಾಸ. ನಾನು ನಿಯಮ ಬರೆದುಕೊಟ್ಟರೆ ಕಂಪ್ಯೂಟರು ಬಳ್ಳಿ ಬೆಳೆಸುತ್ತದೆ. ಪ್ರತಿ ಎಲೆ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು, ಅಷ್ಟೇ ತಿರುಗಿದ್ದು. ತಂಬೂರಿಯ ಉದ್ದ ಕೋಲಿನ ಅಂಚಿಗೆ ಬಿಳಿ ತುಣುಕುಗಳಿಂದ ಕೂಡಿಸಿದ್ದ ಹಳೆಯ ಅಲಂಕಾರದ ಬಳ್ಳಿ ಅಲ್ಲಲ್ಲಿ ಎದ್ದಿತ್ತು. ಅದನ್ನು ತೆಗೆಸಿ, ಬುಡದಿಂದ ಹೊರಟು ಎಲ್ಲೂ ಕಡಿಯದೆ ತುದಿಯಲ್ಲೇ ಮುಗಿಯುವ ಬಳ್ಳಿಯೊಂದನ್ನು ಲೆಕ್ಕ ಹಾಕಿ ಮಿರಜಕ್ಕೆ ಕಳಿಸಿದ್ದೆ. ಅಕ್ಕನಿಗೆ ಹೇಳಿರಲಿಲ್ಲ. ಉಳಿದವರು ಯಾರು ಸಿಕ್ಕರೂ ಮೊಬೈಲು ತೆಗೆದು ತೋರಿಸಿದ್ದೇ ತೋರಿಸಿದ್ದು.

ವಾದ್ಯ ಮಾಡುವ ಇಬ್ರಾಹಿಂ ಕಾಕಾ ಅವರ ತಾಯಿಯ ಊರು ಅಥಣಿ, ಹಾಗಾಗಿ ಅವರಿಗೆ ಕನ್ನಡ ಸಲೀಸು. “ಪಾಲಿಶ್ ಇನ್ನೂ ಹಸೀ ಐತ್ರಿ. ಊಟಾ ಮುಗಿಸ್ಕೊಂಡು ಬರ್ರಿ,” ಎಂದರು.

ಸಿಟಿ ಬಸ್ಸು ಹತ್ತಿ ಸಾಂಗ್ಲಿಗೆ ಹೋದೆವು. ವಿಶ್ರಾಮಬಾಗದ ನಿಲ್ದಾಣದಲ್ಲಿ ಕಾಲೇಜಿನ ಹುಡುಗಿಯರು ನುಗ್ಗಿ, ಅಕ್ಕನನ್ನು ಕಂಡು ಜಾಗ ಬಿಟ್ಟುಕೊಟ್ಟರು. ಗಣಪತಿಗೆ ಕೈಮುಗಿದು, ಕೃಷ್ಣೆಯ ಮೆಟ್ಟಿಲ ಮೇಲೆ ಕುಳಿತು ಭಡಂಗ ತಿಂದೆವು. ಮಂಡಕ್ಕಿಗೆ ಅಷ್ಟು ಖಾರ ಹಾಕುವುದು ಸಾಂಗ್ಲಿಯವರಿಗೇ ಸೈ. ಅಕ್ಕ ಮೂಗು ಒರೆಸಿಕೊಳ್ಳುತ್ತ, “ಮನಿ ಮುಟ್ಟಿದ ಕೂಡ್ಲೇ ಯಮನ್ ರಾಗಾ ಹಾಡ್ತೇನಿ ನೋಡು,” ಎಂದಳು.

ಮಧ್ಯಾಹ್ನ ಕಾಕಾ ತಂಬೂರಿ ತಂದು ಅವಳ ತೊಡೆಯ ಮೇಲಿಟ್ಟರು. ಬಳ್ಳಿ ನಾನು ಅಂದುಕೊಂಡಿದ್ದಕ್ಕಿಂತ ಚೆಂದ ಬಂದಿತ್ತು. ಅಕ್ಕ ತಂತಿ ಮೀಟಲು ಕೈ ಎತ್ತಿದಳು. ಹೆಬ್ಬೆರಳು ಕೋಲಿನ ಮೇಲೆ ಹೋಯಿತು, ಇಳಿಯಿತು, ಮತ್ತೆ ಹೋಯಿತು.

“ಹೂ ಎಲ್ಲೈತಿ?” ಎಂದಳು.

ಕಾಕಾ ನನ್ನ ಮುಖ ನೋಡಿದರು. “ನಮ್ಮ ಹಿರ್ಯಾರು ಬಳ್ಳಿ ಎರಡೂ ಕಡಿಂದ ಕೂಡಿಸ್ಕೋತ ಬರ್ತಿದ್ರಿ. ನಡುವ ಹೊಂದಲಿಲ್ಲಂದ್ರ ಆ ಸಂದಿಗೆ ಒಂದು ಹೂ ಇಡ್ತಿದ್ರು. ನಿಮ್ಮ ತಮ್ಮಾರ ಚಿತ್ರದಾಗ ಸಂದೀನಽ ಇಲ್ಲ. ಫೋನ್ ಮಾಡಿ ಕೇಳಿದೆ, ಬ್ಯಾಡ ಅಂದ್ರು.”

ಹೌದು, ಅಂದಿದ್ದೆ. ಅದು ತೇಪೆ, ನಮ್ಮ ಲೆಕ್ಕದಲ್ಲಿ ತೇಪೆಯ ಅಗತ್ಯವಿಲ್ಲ ಎಂದು ನಕ್ಕೂ ಇದ್ದೆ. ಆ ಉಬ್ಬು ಹೂವಿನ ಮೇಲೆ ಹೆಬ್ಬೆರಳು ಊರಿಯೇ ಅಕ್ಕ ಇಷ್ಟು ವರ್ಷ ಮೀಟಿದ್ದಳು. ಕಣ್ಣು ಮಂಜಾದ ಮೇಲೆ ಅವಳ ಕೈಗೆ ಇದ್ದ ಗುರುತು ಅದೊಂದೇ. ಒಂದು ಮಾತು ಅವಳನ್ನು ಕೇಳಿದ್ದರೆ ಸಾಕಿತ್ತು.

“ತಿರುಗಿ ಕೂಡಿಸಾಕ ಬರ್ತದೇನ್ರಿ?” ಎಂದೆ.

“ಹೊಸಾದು ಕೂಡಿಸಬಹುದ್ರಿ. ಅದಽ ಜಾಗಾ ಅಂತ ಹೆಂಗ ಹೇಳ್ಲಿ? ಹಳೇದು ತಗಿಯುವಾಗ ಪುಡಿ ಆತು.”

“ಬ್ಯಾಡ್ರಿ,” ಎಂದಳು ಅಕ್ಕ. “ತಮ್ಮ ಪ್ರೀತಿಲೇ ಮಾಡ್ಶ್ಯಾನ. ಹಿಂಗಽ ಇರ್ಲಿ.”

ಸಂಜೆಯ ರೈಲಿನಲ್ಲಿ ಪಕ್ಕದ ಹೆಂಗಸಿಗೆ, “ಈ ಬಳ್ಳಿ ನಮ್ಮ ತಮ್ಮ ಲೆಕ್ಕಾ ಹಾಕಿ ತಗದದ್ರಿ,” ಎಂದು ಹೆಮ್ಮೆಯಿಂದ ಹೇಳಿದಳು. ಆಕೆ ಬಳ್ಳಿ ಸವರಿ ಹೊಗಳಿದಳು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಹೊರಗೆ ಕಬ್ಬಿನ ಹೊಲಗಳು ಕತ್ತಲಾಗುತ್ತಿದ್ದವು.

ಮನೆಗೆ ಬಂದವಳೇ ಅಕ್ಕ ಚಾಪೆ ಹಾಸಿ ಕುಳಿತಳು, ಶ್ರುತಿ ಮಾಡಿಕೊಂಡಳು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

“ತಮ್ಮಾ, ಇಲ್ಲಿ ಬಾ. ನನ್ನ ಕೈ ಆ ಜಾಗಾದ ಮ್ಯಾಲ ಇಡು.”

ಅವಳ ಕೈ ಹಿಡಿದೆ. ಆ ಜಾಗ ಎಲ್ಲಿತ್ತೆಂದು ನನಗೂ ಗೊತ್ತಿರಲಿಲ್ಲ.