ನಾನು ಒತ್ತದ ಗುಂಡಿ

ನಮ್ಮ ಟಿವಿಯ ಕೆಳಗೆ ನಾಲ್ಕು ವರ್ಷದಿಂದ ಒಂದು ಸಣ್ಣ ಡಬ್ಬಿ ಕೂತಿದೆ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂದು ತಿಳಿಯಲು ಕೆಲವೇ ಮನೆಗಳಲ್ಲಿ ಇಡುವ ರೇಟಿಂಗ್ ಮೀಟರ್ ಅದು. ಅದಕ್ಕೆ ಬೇರೆಯದೇ ರಿಮೋಟ್. ಮನೆಯವರಿಗೆ ಒಬ್ಬೊಬ್ಬರಿಗೂ ಒಂದು ಗುಂಡಿ: ನನಗೆ ಒಂದು, ಹೆಂಡತಿಗೆ ಎರಡು, ಮಗಳಿಗೆ ಮೂರು. ಟಿವಿ ಮುಂದೆ ಕೂತಾಗ ತಮ್ಮ ನಂಬರ್ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಯಾರೂ ಒತ್ತದಿದ್ದರೆ ಡಬ್ಬಿ ಕೆಂಪು ದೀಪ ಮಿಟುಕಿಸುತ್ತಲೇ ಇರುತ್ತದೆ. ಹೊರಗೆ ಯಾರಿಗೂ ಹೇಳಕೂಡದು ಎಂದು ಡಬ್ಬಿ ಇಟ್ಟುಹೋದವರು ಹೇಳಿದ್ದರು. ಹೊಸಪೇಟೆಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಏನು ಸಾರು ಎಂಬುದೂ ಗುಟ್ಟಲ್ಲ. ಆದರೂ ನನ್ನ ಹೆಂಡತಿ ಇದೊಂದನ್ನು ಬಾಯಿ ಬಿಡಲಿಲ್ಲ.

ಮಗಳನ್ನು ಸಂಡೂರಿಗೆ ಕೊಟ್ಟ ಮೇಲೆ ಮೀಟರ್‌ನವನು ಬಂದು ಮೂರನೇ ನಂಬರ್ ತೆಗೆದ. ಉಳಿದವರು ನಾವಿಬ್ಬರು. ನಾನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸಗಾರ, ಜನರಲ್ ಶಿಫ್ಟ್. ಸಂಜೆ ಏಳೂವರೆಗೆ ನನ್ನ ತಟ್ಟೆ ಟಿವಿ ಮುಂದೆ ಬರುತ್ತಿತ್ತು. ಅದೇ ಹೊತ್ತಿಗೆ ಅವಳ ಧಾರಾವಾಹಿ. ಹಾಳುಬಿದ್ದ ಪಟ್ಟಣದ ಒಬ್ಬ ರಾಣಿ, ಶಾಪ ತಗುಲಿ ಹಗಲೆಲ್ಲ ಕಲ್ಲಾಗಿರುತ್ತಾಳೆ, ಹೊತ್ತು ಮುಳುಗಿದರೆ ಹೆಣ್ಣಾಗುತ್ತಾಳೆ.

"ಇವು ನಮ್ಮ ಹಂಪಿ ಕಲ್ಲಲ್ಲ ಬಿಡ್ರಿ, ಥರ್ಮಾಕೋಲ್," ಎಂದು ಅವಳೇ ನಗುತ್ತಿದ್ದಳು. ಕಂಪ್ಲಿ ತಾಲೂಕಿನ ಎಮ್ಮಿಗನೂರಿನವಳು, ಕಲ್ಲು ಯಾವುದು ಬಣ್ಣ ಯಾವುದು ಎಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಕಂತು ತಪ್ಪಿಸುತ್ತಿರಲಿಲ್ಲ.

ಸುರುವಾಗುವ ಹೊತ್ತಿಗೆ ಅವಳ ಕೈ ಹಿಟ್ಟಿನಲ್ಲಿರುತ್ತಿತ್ತು. "ಎರಡು ಒತ್ರಿ, ನಾ ಬಂದೆ," ಎಂದು ಅಡುಗೆಮನೆಯಿಂದ ಕೂಗುತ್ತಿದ್ದಳು. ಒತ್ತುತ್ತಿದ್ದೆ. ಬಂದು ಕೂತು, "ನಿಮ್ದೂ ಒತ್ರಿ, ನೋಡಾಕತ್ತೀರಲ್ಲ," ಎನ್ನುತ್ತಿದ್ದಳು.

"ನಾ ಎಲ್ಲಿ ನೋಡಾಕತ್ತೀನಿ? ಉಣ್ಣಾಕತ್ತೀನಿ."

"ಕಣ್ಣು ಅಲ್ಲೇ ಐತಲ್ರಿ."

"ಸುಮ್ಕಿರೇ. ನಿನ್ನ ರಾಣಿ ಕಲ್ಲಾಗ್ಲಿ ಮಣ್ಣಾಗ್ಲಿ, ನನಗೇನು."

ವಾರ್ತೆಗೆ ಒತ್ತುತ್ತಿದ್ದೆ, ಕ್ರಿಕೆಟ್‌ಗೆ ಒತ್ತುತ್ತಿದ್ದೆ. ಇದಕ್ಕೆ ಮಾತ್ರ ಒತ್ತಲಿಲ್ಲ. ಹೆಂಗಸರ ಕಥೆ ನೋಡುವವನು ಎಂದು ಯಾರೂ ಎಲ್ಲೂ ಬರೆದಿಟ್ಟುಕೊಳ್ಳಬಾರದು ಎಂಬ ಹಟ. ಎಂಥಾ ಧಿಮಾಕು ನೋಡಿ. ನಿಜ ಹೇಳಬೇಕೆಂದರೆ ಒಂದು ಕಂತೂ ಬಿಡದೆ ನೋಡಿದ್ದೇನೆ.

ಮೊದಲ ಸೀಸನ್ನಿನ ಕೊನೆಯಲ್ಲಿ ಹೊತ್ತು ಮುಳುಗಿತು, ರಾಣಿ ಕಲ್ಲಾಗಿಯೇ ಉಳಿದಳು. ಅಲ್ಲಿಗೇ ನಿಲ್ಲಿಸಿಬಿಟ್ಟರು. ಆಮೇಲೆ ಹೆಂಡತಿಗೆ ಕಿಡ್ನಿ ಕೈಕೊಟ್ಟಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದವಳು, "ಎರಡನೇ ಸೀಸನ್ ಯಾವಾಗಂತ್ರಿ?" ಎಂದು ಕೇಳಿದಳು. "ಬಂದಾಗ ಬರ್ತೈತಿ, ಮೊದ್ಲು ನೀ ಮನೀಗೆ ನಡಿ," ಎಂದೆ. ಅವಳು ಮನೆಗೆ ಬರಲಿಲ್ಲ.

ಹದಿಮೂರು ದಿನ ಕಳೆದವು. ಡ್ಯೂಟಿಗೆ ಹೋದೆ. ನನಗೆ ಅಳು ಬರಲಿಲ್ಲ, ಹಸಿವೂ ಆಗಲಿಲ್ಲ. ಗಾದಿಗನೂರು ದಾಟಿದ್ದು ಬಸ್ಸಿನಲ್ಲಿ ಕೂತವನಿಗೆ ತಿಳಿಯುತ್ತಿರಲಿಲ್ಲ. ಎರಡನೇ ನಂಬರ್ ತೆಗೆಸಲು ಮೀಟರ್‌ನವನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ.

ಎರಡನೇ ಸೀಸನ್ ಬಂತು. ಏಳೂವರೆಗೆ ತಟ್ಟೆ ಹಿಡಿದು ಕೂತೆ. ಕೆಂಪು ದೀಪ ಮಿಟುಕಿತು. ಹೆಬ್ಬೆರಳು ತಾನಾಗಿ ಹೋಗಿ ಎರಡು ಒತ್ತಿತು. ಒತ್ತಿದ ಮೇಲೆ ಗೊತ್ತಾಯಿತು. ಮತ್ತೆ ಒತ್ತಿ ತೆಗೆಯಲು ಮನಸ್ಸಾಗಲಿಲ್ಲ, ಹಾಗೇ ಬಿಟ್ಟೆ. ಒಂದು ಗಂಟೆಯ ಕಂತು. ಅಷ್ಟೂ ಹೊತ್ತು ರಾಣಿ ಕಲ್ಲೇ. ಸುತ್ತ ನಿಂತವರು ಮಾತಾಡಿದರು, ಅತ್ತರು, ಕತ್ತಿ ಎಳೆದರು. "ಏಳವ್ವ, ಸಾಕಿನ್ನ," ಎಂದು ನಾನು ಟಿವಿಗೆ ಹೇಳಿದೆ. ಕೊನೆಗೆ ಕಲ್ಲಿನ ಕಿರುಬೆರಳು ತುಸು ಅಲುಗಿತು. ಮುಗಿಯಿತು. ಅನ್ನ ಆರಿಹೋಗಿತ್ತು.

ಮರುದಿನ ಕ್ಯಾಂಟೀನಿನಲ್ಲಿ ಅದೇ ಮಾತು. "ಒಂದು ತಾಸು ಕಲ್ಲು ತೋರ್ಸಿದ್ರಲ್ಲೋ ಮಾರಾಯ, ಗ್ರಾಫಿಕ್ಸ್ ಅಂತೂ ಭಾಳ ಕಳಪೆ!" ಪತ್ರಿಕೆಯ ವಿಮರ್ಶಕ, ಇಡೀ ಕಂತಿನಲ್ಲಿ ಚೆನ್ನಾಗಿ ನಟಿಸಿದ್ದು ಆ ಕಲ್ಲೊಂದೇ ಎಂದು ಬರೆದಿದ್ದ. ನಕ್ಕೆನೋ ಇಲ್ಲವೋ ನೆನಪಿಲ್ಲ. ಮುಂದಿನ ವಾರ ರೇಟಿಂಗ್ ಬಂತು: ಎಲ್ಲರೂ ಬೈದ ಆ ಕಂತೇ ಮೊದಲ ಸ್ಥಾನದಲ್ಲಿತ್ತು. ಆ ಲೆಕ್ಕದಲ್ಲಿ ನನ್ನ ಹೆಂಡತಿಯೂ ಇದ್ದಳು.

ಆ ವಾರವೇ ಮೀಟರ್‌ನವನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ನನ್ನ ವಾರಿಗೆಯವನು, ಒಳ್ಳೆಯ ಮನುಷ್ಯ. ಬಂದವನು ಚಪ್ಪಲಿ ಬಿಟ್ಟು, ಗೋಡೆಯ ಮೇಲಿನ ಅವಳ ಫೋಟೋಕ್ಕೆ ಕೈಮುಗಿದು ಕೂತ. ಡಬ್ಬಿಗೆ ತನ್ನ ಮಷೀನು ಜೋಡಿಸಿ ನೋಡಿದ.

"ಹೋದ ವಾರಾನೂ ಒಂದಿನ ಎರಡು ಬಿದ್ದೈತಲ್ರಿ?"

"ರೂಢಿ. ಕೈತಪ್ಪಿ ಆತು."

"ಇರ್ಲಿ ಬಿಡ್ರಿ." ಇನ್ನಷ್ಟು ಹಿಂದಕ್ಕೆ ಸರಿಸಿ ನೋಡಿದ. "ಅಕ್ಕಾರು ಭಾಳ ನಿಯತ್ತಿಂದ ಒತ್ಯಾರ್ರಿ. ದಿನಾ ಏಳೂವರಿಗೆ ಎರಡು. ಪಾಪ, ಒಬ್ಬರೇ ಕುಂತು ನೋಡ್ಯಾರ. ಆ ಹೊತ್ತಿಗೆ ನೀವು ಡ್ಯೂಟಿಮ್ಯಾಗ ಇರ್ತಿದ್ರೇನ್ರಿ?"

"ಇಲ್ರಿ, ನಾನೂ ಇದ್ದೆ. ದಿನಾ ಇಲ್ಲೇ, ಆಕಿ ಬಾಜೂಕ ಕುಂತಿದ್ದೆ. ಅದನ್ನ ಈಗ ಹಾಕಾಕ ಬರ್ತೈತೇನ್ರಿ?"

ಅವನು ನನ್ನ ಮುಖ ನೋಡಿದ. "ಹಿಂದಿಂದು ಸೇರ್ಸಾಕ ಬರಲ್ರಿ, ಅಣ್ಣಾರ. ಒತ್ತಿದ್ರಷ್ಟೇ ಇದ್ದಂಗ."

ಎರಡನೇ ನಂಬರ್ ತೆಗೆದ. ಚಹಾ ಕುಡಿದು ಹೋದ.

ಏಳೂವರೆಗೆ ಟಿವಿ ಹಚ್ಚಿದೆ. ಒಂದು ಒತ್ತಿದೆ. ಹಸಿರು ದೀಪ ಹತ್ತಿತು.

"ಒತ್ತೀನಿ ನೋಡಲೇ," ಎಂದೆ, ಅಡುಗೆಮನೆಯ ಕಡೆ ತಿರುಗಿ.