ಚಳಿಯನ್ನು ಬೈಯುತ್ತಿದ್ದ ಭಾನುವಾರಗಳು

ಪ್ರತಿ ಭಾನುವಾರ ಅಮ್ಮನಿಗೆ ಫೋನ್ ಮಾಡಿ ಸ್ವೀಡನ್ನಿನ ಚಳಿಯನ್ನು ಬೈಯುವುದು ನನ್ನ ವಾರದ ಕೆಲಸಗಳಲ್ಲೊಂದಾಗಿತ್ತು. ಮೂಗು ಉದುರಿಹೋಗುವುದೊಂದು ಬಾಕಿ ಎನ್ನುತ್ತಿದ್ದೆ. ಮಧ್ಯಾಹ್ನ ಮೂರಕ್ಕೇ ಕತ್ತಲು ಎನ್ನುತ್ತಿದ್ದೆ. ದೋಸೆ ಹಿಟ್ಟು ಎರಡು ದಿನ ಇಟ್ಟರೂ ಉಬ್ಬುವುದಿಲ್ಲ ಎನ್ನುತ್ತಿದ್ದೆ. ದಾವಣಗೆರೆಯಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮ "ಅಯ್ಯೋ ಪಾಪ" ಎಂದು ಲೊಚಗುಟ್ಟುತ್ತಿದ್ದಳು. ನಾನು ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಚೆನ್ನಾಗಿದ್ದೇವೆ ಎಂದು ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ. ವ್ಯಾಪಾರ ಹೇಗಿದೆ ಎಂದು ಕೇಳಿದರೆ ಅಪ್ಪ "ಏನೋ ನಡೀತಿದೆ" ಎನ್ನುತ್ತಿದ್ದರು. ಮಗು ದುಂಡಗಿದೆ ಎಂದು ಯಾರಾದರೂ ಹೊಗಳಿದರೆ ಅಜ್ಜಿ "ಎಲ್ಲಿ, ಸೊರಗಿಹೋಗಿದೆ" ಎಂದು ಅದನ್ನು ಒಳಗೆ ಎತ್ತಿಕೊಂಡು ಹೋಗುತ್ತಿದ್ದಳು. ಖುಷಿ ಹೇಳಿಕೊಂಡರೆ ಕಣ್ಣು ಬೀಳುತ್ತದೆ. ಹಾಗಾಗಿ ವಿದೇಶದಲ್ಲಿರುವ ಮಗಳಿಗೆ ತಕ್ಕಷ್ಟು ಕಷ್ಟವನ್ನು ನಾನೂ ವಾರವಾರ ಒದಗಿಸುತ್ತಿದ್ದೆ.

ಲಿಂಕೋಪಿಂಗಿನಲ್ಲಿ ಅದು ನಮ್ಮ ನಾಲ್ಕನೆಯ ಚಳಿಗಾಲ. ಜನವರಿಯ ಒಂದು ಶನಿವಾರ ಅಪಾರ್ಟ್‌ಮೆಂಟಿನ ಹಿಂದಿನ ದಿಬ್ಬದಲ್ಲಿ ನಿಂತಿದ್ದೆವು. ಐದು ವರ್ಷದ ಮಗಳು ಪ್ಲಾಸ್ಟಿಕ್ ಜಾರುಬಂಡಿಯಲ್ಲಿ ಕೂತು ಕೆಳಗೆ ಜಾರುವುದು, ಅದನ್ನು ಎಳೆದುಕೊಂಡು ಮತ್ತೆ ಮೇಲೆ ಹತ್ತುವುದು ನಡೆದಿತ್ತು. ಉಳಿದ ಅಪ್ಪ ಅಮ್ಮಂದಿರು ಕಾಫಿ, ಬನ್ನು ಹಿಡಿದುಕೊಂಡು ಹಿಮದಲ್ಲೇ ಫೀಕಾ, ಅಂದರೆ ಇಲ್ಲಿಯವರ ಕಾಫಿ-ಹರಟೆ, ಮಾಡುತ್ತಿದ್ದರು. ನಾನು ಫ್ಲಾಸ್ಕಿನಿಂದ ಮೆಣಸಿನ ಸಾರು ಬಗ್ಗಿಸಿಕೊಂಡು ಕುಡಿಯುತ್ತಿದ್ದೆ. ರೆಪ್ಪೆಗೂದಲು ಒಂದಕ್ಕೊಂದು ಅಂಟಿಕೊಳ್ಳುವಂಥ ಚಳಿ. ಸಾರು ಒಳಗೆ ಎಲ್ಲಿಯವರೆಗೆ ಇಳಿಯಿತೆಂದು ಬೆರಳಿಟ್ಟು ತೋರಿಸಬಹುದಿತ್ತು.

"ನಿಂಗೊಂದು ವಿಷ್ಯ ಹೇಳ್ಬೇಕು," ಎಂದ ಗಂಡ. "ಬೆಂಗ್ಳೂರ್ ಆಫೀಸಿಗೆ ಟ್ರಾನ್ಸ್‌ಫರ್ ಕೇಳಿದ್ದೆ. ಓಕೆ ಆಗಿದೆ. ಈ ಫ್ರೈಡೇ ಒಳಗೆ ಕನ್ಫರ್ಮ್ ಮಾಡ್ಬೇಕು."

"ಯಾಕೆ ಕೇಳ್ದೆ?"

"ಯಾಕೆ ಅಂದ್ರೆ? ಪ್ರತಿ ಸಂಡೇ ನೀನು ಅತ್ತೆ ಹತ್ರ ಹೇಳೋದನ್ನ ಕೇಳಿ ಕೇಳಿ ನಂಗೇ ಗಿಲ್ಟಿ ಆಗ್ತಿತ್ತು. ನಿನ್ ಕಂಪನಿಗೂ ಅಲ್ಲಿ ಆಫೀಸಿದೆಯಲ್ಲ. ಅತ್ತೆಗೆ ಆಗ್ಲೇ ಹೇಳಿದೀನಿ, ನಿಂಗೆ ಸರ್‌ಪ್ರೈಸ್ ಕೊಡೋಣ ಅಂತ ಸುಮ್ನಿದ್ರು."

ಕುಣಿದಾಡಬೇಕಾದ ಸುದ್ದಿ, ಆದರೆ ಕುಣಿಯಬೇಕೆನಿಸಲಿಲ್ಲ. ಅಭ್ಯಾಸಬಲದಿಂದ "ಅಬ್ಬ, ಸದ್ಯ" ಎಂದೆ.

"ಖುಷಿ ಆಗ್ಲಿಲ್ವಾ?"

"ಆಯ್ತು. ಮುಖ ಮರಗಟ್ಟಿದೆ, ಅದಕ್ಕೇ ಕಾಣ್ತಿಲ್ಲ," ಎಂದು ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.

ಮರುದಿನ ಹೊಟ್ಟೆ ಸರಿಯಿಲ್ಲವೆಂದು ನೆಪ ಹೇಳಿ ಅಮ್ಮನಿಗೆ ಫೋನ್ ಮಾಡಲಿಲ್ಲ. ಸೋಮವಾರ ಸಂಜೆ ಮಗಳನ್ನು ಕರೆತರಲು ಡಾಗಿಸ್‌ಗೆ, ಅಂದರೆ ಅವಳ ಶಿಶುವಿಹಾರಕ್ಕೆ, ಹೋದೆ. ಅಲ್ಲಿ ಮಕ್ಕಳ ಒದ್ದೆ ಬಟ್ಟೆ ಒಣಗಿಸಲು ಬಿಸಿಗಾಳಿ ಬರುವ ಕಪಾಟೊಂದಿದೆ. ಅದರ ಬಾಗಿಲು ತೆರೆದರೆ ಉಣ್ಣೆಯ ಕೈಗವಸು, ಟೋಪಿಗಳ ಬೆಚ್ಚನೆಯ ಕಮಟು ವಾಸನೆ ಮುಖಕ್ಕೆ ಬಡಿಯುತ್ತದೆ. ನಾನು ಆ ಬಾಗಿಲು ಹಿಡಿದು ನಿಂತೇ ಇದ್ದೆ. ಏನಾದರೂ ಕಳೆದಿದೆಯೇ ಎಂದು ಟೀಚರ್ ಕೇಳಿದರು. ಕೈಗವಸು ಎಂದೆ. ಕೈಗವಸುಗಳೆರಡೂ ಮಗಳ ಕೈಯಲ್ಲೇ ಇದ್ದವು.

ಮಂಗಳವಾರ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದುಬಿಟ್ಟೆ. ಅಲ್ಲಿಂದ ಮನೆಯವರೆಗೆ ಯಾರೂ ತುಳಿಯದ ಹಿಮವಿರುತ್ತದೆ, ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದಾಗುತ್ತದೆ. ಅರ್ಧ ದಾರಿಯಲ್ಲಿ ನಿಂತು ನನ್ನನ್ನೇ ಕೇಳಿಕೊಂಡೆ: ಇದನ್ನು ಕಂಡರಾಗದವಳು ಇಲ್ಲೇಕೆ ಇಳಿದೆ?

ಬುಧವಾರ ಚಳಿ ಸಡಿಲಾಗಿ ಹಿಮವೆಲ್ಲ ಕರಗಿ ಬೂದುಬಣ್ಣದ ರಾಡಿಯಾಯಿತು. ಸಾಕ್ಸ್ ಒದ್ದೆ, ಪ್ಯಾಂಟು ಒದ್ದೆ. ಸೂಪರ್‌ಮಾರ್ಕೆಟಿನ ಮುಂದೆ ಕಾಲು ಜಾರಿ ತರಕಾರಿ ಸಮೇತ ದೊಪ್ಪನೆ ಬಿದ್ದೆ. ಅಚ್ಚಕನ್ನಡದಲ್ಲಿ ಆ ದೇಶವನ್ನು ಬಾಯಿಗೆ ಬಂದಂತೆ ಬೈದೆ. ಬೈದ ಮೇಲೆ ಎಷ್ಟು ನೆಮ್ಮದಿಯಾಯಿತೆಂದರೆ, ನೋಡು, ನನಗಿದು ಇಷ್ಟವೇ ಇಲ್ಲ ಎಂದುಕೊಂಡು ಸೊಂಟ ಹಿಡಿದುಕೊಂಡೇ ಮನೆಗೆ ಬಂದು "ಹೋಗೋಣ" ಎಂದೆ. ಗಂಡ ತಲೆಯಾಡಿಸಿದ.

ಗುರುವಾರ ಬೆಳಿಗ್ಗೆ ಎದ್ದರೆ ಹೊಸ ಹಿಮ. ಅಂಗಳದ ಬೆಂಚು, ಸೈಕಲ್ಲುಗಳು, ಕಸದ ಡಬ್ಬಿಗಳು ಎಲ್ಲ ಮುಚ್ಚಿಹೋಗಿದ್ದವು. ರಸ್ತೆಯ ಸದ್ದೂ ಇಲ್ಲ. ಅರ್ಧವೂ ತುಂಬದ ಕಸದ ಚೀಲ ಹಿಡಿದು ಎಲ್ಲರಿಗಿಂತ ಮೊದಲು ಕೆಳಗಿಳಿದೆ. ಡಬ್ಬಿಗೆ ಕಸ ಹಾಕಿ, ಮತ್ತೆ ಮೇಲೆ ಬರದೆ, ಅಂಗಳವನ್ನು ಒಂದು ಸುತ್ತು ಹಾಕಿದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಇಷ್ಟವೋ ಕಷ್ಟವೋ ಎಂಬುದೂ ತಿಳಿಯದಷ್ಟು ಪೆದ್ದಿಯೇ ನಾನು? ಹೇಳಿ ಹೇಳಿ ನನ್ನ ಗೊಣಗಾಟವನ್ನು ನಾನೇ ನಂಬಿಬಿಟ್ಟಿದ್ದೆನೋ, ಅಥವಾ ಬೈಯುತ್ತ ಬೈಯುತ್ತಲೇ ಇದರ ಮೇಲೆ ಮನಸ್ಸಾಗಿತ್ತೋ, ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಊರು ಬೇಡವಾಗಿತ್ತೇ? ಅದೂ ಅಲ್ಲ. ಅಮ್ಮನ ಕೈಯ ಊಟ ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ತಿಂಡಿ ತಿನ್ನುವಾಗ ಗಂಡನನ್ನು ಕೇಳಿದೆ. "ನಿಂಗೆ ಇಲ್ಲಿ ಇಷ್ಟಾನಾ?"

"ನಂದೇನು, ನೀನೆಲ್ಲೋ ನಾನೂ ಅಲ್ಲೇ."

"ಅದು ಉತ್ತರ ಅಲ್ಲ. ಊರಿಗೆ ಹೋಗೋನು ಹೋದ ತಿಂಗ್ಳು ಸೈಕಲ್ಲಿಗೆ ಮೊಳೆ ಟೈರ್ ಯಾಕೆ ಹಾಕಿಸ್ದೆ?"

ಅವನು ಚಟ್ನಿ ಕಲಸುತ್ತ ಕೂತ. "ಐಸ್ ಮೇಲೆ ಒಳ್ಳೆ ಗ್ರಿಪ್ ಸಿಗತ್ತೆ," ಎಂದ ಕೊನೆಗೆ. ಕಿವಿ ಕೆಂಪಾಗಿತ್ತು. ನನಗಾಗಿ ಹೊರಟವನು ಅವನು, ಅವನಿಗಾಗಿ ಖುಷಿಪಟ್ಟಂತೆ ನಟಿಸಿದವಳು ನಾನು.

ಶುಕ್ರವಾರ "ಬೇಡ ಅಂತ ಬರೆದ್ಬಿಡು" ಎಂದೆ. ಹೇಳುವಾಗಲೂ ಸರಿ ಮಾಡುತ್ತಿದ್ದೇನೆಂಬ ಧೈರ್ಯವಿರಲಿಲ್ಲ. ಅವನು ಮಾತ್ರ ನಾನು ಮನಸ್ಸು ಬದಲಾಯಿಸುವ ಮೊದಲೇ ಲ್ಯಾಪ್‌ಟಾಪ್ ತೆರೆದು ಮೇಲ್ ಕಳಿಸಿಬಿಟ್ಟ. ಆದರೆ ಅಮ್ಮನಿಗೆ ಹೇಳುವ ಕೆಲಸ ನನ್ನದೇ ಎಂದ.

ಭಾನುವಾರ ಫೋನ್ ಎತ್ತಿದವಳೇ ಅಮ್ಮ ಕೇಳಿದಳು. "ಅಂತೂ ಆ ಚಳಿಯಿಂದ ಪಾರಾದ್ರಿ. ಯಾವಾಗ ಬರ್ತೀರಿ? ಮೊಮ್ಮಗಳಿಗೆ ಸ್ಕೂಲು ನೋಡೋಕೆ ನಿಮ್ಮಣ್ಣಂಗೆ ಹೇಳ್ಲಾ?"

"ಅಮ್ಮ, ನಾವು ಬರ್ತಿಲ್ಲ," ಎಂದೆ. "ನಾನೇ ಬೇಡ ಅಂದೆ. ನಂಗಿಲ್ಲಿ ಚೆನ್ನಾಗಿದೆ. ಚಳೀನೂ ಚೆನ್ನಾಗೇ ಇದೆ."

ಅಷ್ಟು ಸಲೀಸಾಗಿ ಚೆನ್ನಾಗಿದೆ ಎಂದಿದ್ದು ಅದೇ ಮೊದಲು.

"ಮತ್ತೆ ಅಷ್ಟೊಂದು ಕಷ್ಟ ಹೇಳ್ಕೊತಿದ್ದೆ?"

"ಕಷ್ಟಾನೂ ನಿಜ ಅಮ್ಮ. ಆದ್ರೆ..."

"ಹೋಗ್ಲಿ ಬಿಡು. ನನ್ ಮಗಳು ಅಲ್ಲಿ ಒದ್ದಾಡ್ತಿಲ್ವಲ್ಲ, ಅಷ್ಟು ಸಾಕು," ಎಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ದನಿಯಿಂದ ಅಂದಾಜಾಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಚಳಿ ಅಂತ ಗೋಳಾಡ್ದಾಗೆಲ್ಲ ಪಾಪ ಅನ್ನಿಸ್ತಿತ್ತು, ಒಳಗೊಳಗೆ ಒಂಚೂರು ಖುಷೀನೂ ಆಗ್ತಿತ್ತು ಕಣೇ. ಇಷ್ಟು ಕಷ್ಟ ಇದ್ಮೇಲೆ ಇವತ್ತಲ್ಲ ನಾಳೆ ಬಂದೇ ಬರ್ತಾಳೆ ಅಂತ."